ಉಗ್ಗಿನೊಂದಿಗೆ ವೇದಿಕೆ ಹತ್ತುವುದು: ಭಾಷಣದ ಅಭ್ಯಾಸಕ್ಕೊಂದು ಮಾರ್ಗದರ್ಶಿ

ಉಗ್ಗು ಇರುವವರು ವೇದಿಕೆಯಿಂದ ದೂರ ಉಳಿಯಲು ಬಹಳ ಚಿಕ್ಕ ವಯಸ್ಸಿನಲ್ಲೇ ಕಲಿತುಬಿಡುತ್ತಾರೆ. ಶಾಲೆಯ ಭಾಷಣ ಸ್ಪರ್ಧೆಗೆ ಹೆಸರು ಕೊಡುವುದಿಲ್ಲ. ಕಾಲೇಜಿನಲ್ಲಿ ಸೆಮಿನಾರ್ ಇರುವ ದಿನ ಜ್ವರದ ನೆಪ ಹೇಳುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ, ತಾವೇ ತಿಂಗಳುಗಟ್ಟಲೆ ದುಡಿದು ಸಿದ್ಧಪಡಿಸಿದ ವರದಿಯನ್ನು ಸಭೆಯಲ್ಲಿ ಮಂಡಿಸುವ ಅವಕಾಶವನ್ನು ಪಕ್ಕದವರಿಗೆ ಬಿಟ್ಟುಕೊಡುತ್ತಾರೆ. ಹೀಗೆ ತಪ್ಪಿಸಿಕೊಂಡಾಗಲೆಲ್ಲ ಆ ಹೊತ್ತಿಗೆ ನೆಮ್ಮದಿ ಸಿಗುತ್ತದೆ, ಆದರೆ ಮುಂದಿನ ಸಲದ ಭಯ ಅಷ್ಟರಲ್ಲೇ ಇನ್ನೊಂದು ಪಾಲು ಬೆಳೆದಿರುತ್ತದೆ. ಕ್ರಮಬದ್ಧವಾದ ಭಾಷಣಾಭ್ಯಾಸದಿಂದ ಈ ಸುತ್ತನ್ನು ಮುರಿಯಲು ಸಾಧ್ಯ. ಅದಕ್ಕೆ ಇಳಿಯುವ ಮುನ್ನ ಗುರಿಯೊಂದು ಸ್ಪಷ್ಟವಾಗಿರಬೇಕು: ಹೇಳಬೇಕೆಂದುಕೊಂಡ ಮಾತನ್ನು, ನಡುವೆ ಎಷ್ಟು ಸಲ ತಡವರಿಸಿದರೂ, ಬದಲಿಸದೆ ಪೂರ್ತಿಯಾಗಿ ಹೇಳಿ ಮುಗಿಸುವುದು. ಒಂದೂ ತಡೆಯಿಲ್ಲದ ಮಾತನ್ನು ಗುರಿಯಾಗಿಟ್ಟುಕೊಂಡವರು ಮೊದಲ ತಡೆಗೇ ಸೋತೆವೆಂದು ಭಾವಿಸಿ ಅಭ್ಯಾಸ ಕೈಬಿಡುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಮೊದಲು ಉಗ್ಗಿನ ಬಗ್ಗೆ ತಿಳಿದುಕೊಳ್ಳಿ

ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷದ ನಡುವೆ ಕಾಣಿಸಿಕೊಳ್ಳುತ್ತದೆ. ಸುಮಾರು ಶೇ 5ರಷ್ಟು ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ. ಅವರಲ್ಲಿ ಬಹುಪಾಲು ಮಕ್ಕಳಲ್ಲಿ ಅದು ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ಸುಮಾರು ಶೇ 1ರಷ್ಟು ಜನರಲ್ಲಿ ಉಳಿಯುತ್ತದೆ, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಇದು ಅನೇಕ ಮನೆತನಗಳಲ್ಲಿ ಹರಿದು ಬರುತ್ತದೆ, ಮತ್ತು 2010ರಲ್ಲಿ ವಿಜ್ಞಾನಿಗಳು ಇದಕ್ಕೆ ಸಂಬಂಧಿಸಿದ ಕೆಲವು ವಂಶವಾಹಿಗಳನ್ನು ಗುರುತಿಸಿದರು. ಮಾತಿಗೆ ಬೇಕಾದ ಚಲನೆಗಳನ್ನು ಮೆದುಳು ಹೊಂದಿಸುವ ರೀತಿಯಲ್ಲೇ ಇದರ ಮೂಲವಿದೆ. ಭಯದಿಂದ ಉಗ್ಗು ಹುಟ್ಟುವುದಿಲ್ಲ, ಭಯ ಅದನ್ನು ಹೆಚ್ಚಿಸುತ್ತದೆ ಅಷ್ಟೇ. ಬುದ್ಧಿಮತ್ತೆಗೂ ಇದಕ್ಕೂ ಯಾವ ನಂಟೂ ಇಲ್ಲ.

ಇಷ್ಟನ್ನು ಹೇಳಲೇಬೇಕಾದ ಕಾರಣವೆಂದರೆ, ನಮ್ಮಲ್ಲಿ ಈಗಲೂ ಉಗ್ಗುವ ಮಗುವಿನ ನಾಲಿಗೆಗೆ ಬಜೆ ತೇಯ್ದು ಹಚ್ಚುವವರಿದ್ದಾರೆ, ನಾಲಿಗೆಯ ಕೆಳಗಿನ ನರ ಕತ್ತರಿಸಿದರೆ ಸರಿಹೋಗುತ್ತದೆಂದು ಸಲಹೆ ಕೊಡುವವರಿದ್ದಾರೆ, ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತನಾಡು ಎನ್ನುವವರೂ ಇದ್ದಾರೆ. ಕಲ್ಲಿನ ಕಥೆ ಪ್ರಾಚೀನ ಗ್ರೀಸಿನ ವಾಗ್ಮಿ ಡೆಮೊಸ್ತನೀಸನದು. ಅದನ್ನು ಚಿಕಿತ್ಸೆಯೆಂದು ನಂಬಿ ನಡೆಯಬೇಡಿ, ಕಲ್ಲು ಗಂಟಲಿಗೆ ಇಳಿಯುವ ಅಪಾಯ ನಿಜವಾದದ್ದು. ಇವುಗಳಲ್ಲಿ ಯಾವುದೂ ಉಗ್ಗನ್ನು ವಾಸಿ ಮಾಡುವುದಿಲ್ಲ, ಬದಲಿಗೆ ನಿನ್ನ ಬಾಯಲ್ಲೇ ಏನೋ ದೋಷವಿದೆ ಎಂಬ ಮಾತನ್ನು ಮಗುವಿನ ಮನಸ್ಸಿನಲ್ಲಿ ಆಳವಾಗಿ ಊರಿಬಿಡುತ್ತವೆ.

ತಜ್ಞರನ್ನು ಒಮ್ಮೆ ಕಾಣಿ

ಅಭ್ಯಾಸ ಶುರುಮಾಡುವ ಮೊದಲು ವಾಕ್ ಚಿಕಿತ್ಸಕರಿಂದ, ಅಂದರೆ ಸ್ಪೀಚ್ ಥೆರಪಿಸ್ಟರಿಂದ, ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕ್ಷೇತ್ರದಲ್ಲಿ ದುಡಿಯುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಕನ್ನಡದಲ್ಲೇ ಪರೀಕ್ಷೆ ಮತ್ತು ಚಿಕಿತ್ಸೆ ಪಡೆಯಬಹುದಾದ ಇಂಥ ಜಾಗ ನಮ್ಮ ರಾಜ್ಯದಲ್ಲೇ ಇರುವುದು ನಮ್ಮ ಭಾಗ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದಕ್ಕೆ ವಿಭಾಗವಿದೆ. ಮಾತು ತೀರಾ ವೇಗವಾಗಿ ಒಂದರ ಮೇಲೊಂದು ಬೀಳುವ ತೊಂದರೆ ಉಗ್ಗಿಗಿಂತ ಬೇರೆಯದು, ಅದರ ಅಭ್ಯಾಸವೂ ಬೇರೆ; ಯಾವುದು ನಿಮ್ಮದೆಂದು ತಜ್ಞರು ಹೇಳಬಲ್ಲರು. ಮೊದಲೆಂದೂ ಇಲ್ಲದ ಉಗ್ಗು ದೊಡ್ಡ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಶುರುವಾದರೆ ಮಾತ್ರ ಭಾಷಣ, ಅಭ್ಯಾಸ ಎಂದು ಕಾಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಪಾರ್ಶ್ವವಾಯುವಿನಂಥ ಕಾರಣವೂ ಇರಬಹುದು.

ತಪ್ಪಿಸಿಕೊಳ್ಳುವಿಕೆಯ ಪಟ್ಟಿ ಮಾಡಿ

ಒಂದು ಚಿಕ್ಕ ನೋಟ್‌ಬುಕ್ ತೆಗೆದುಕೊಂಡು ಎರಡು ವಾರ ಬರೆಯಿರಿ. ಎಲ್ಲಿ ಉಗ್ಗಿದಿರಿ ಎಂಬುದಕ್ಕಿಂತ ಮುಖ್ಯವಾಗಿ, ಉಗ್ಗಬಾರದೆಂದು ಏನೇನು ಮಾಡಿದಿರಿ ಎಂಬುದನ್ನು ಬರೆಯಿರಿ. ಬೆಂಗಳೂರಿನಿಂದ ಹೊರಟ ಬಸ್ಸಿನಲ್ಲಿ ‘ಬಿಡದಿ’ ಎಂಬ ಹೆಸರಿನ ಬಕಾರ ತುಟಿ ಬಿಟ್ಟು ಬಾರದೆಂದು ಹೆದರಿ, ಕಂಡಕ್ಟರ್ ಹತ್ತಿರ ಬರುತ್ತಿದ್ದಂತೆ ‘ರಾಮನಗರ ಒಂದು’ ಎಂದು ಟಿಕೆಟ್ ತೆಗೆದು, ಹೆಚ್ಚಿಗೆ ದುಡ್ಡು ಕೊಟ್ಟು, ಬಿಡದಿಯಲ್ಲೇ ಇಳಿದು ಹೋಗುವವರಿದ್ದಾರೆ. ಹೋಟೆಲಿನಲ್ಲಿ ಪೂರಿ ತಿನ್ನುವ ಆಸೆಯಾದರೂ ಇಡ್ಲಿ ಹೇಳುವವರಿದ್ದಾರೆ. ಫೋನ್ ಮಾಡಬೇಕಾದಲ್ಲಿ ಮೆಸೇಜ್ ಕಳಿಸುವುದು, ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಗೊತ್ತಿಲ್ಲ ಎನ್ನುವುದು, ಮಾತಿನ ಮುಂಚೆ ‘ಅದೇನೆಂದರೆ, ಅದೇನೆಂದರೆ’ ಎಂದು ಹೊತ್ತು ಕಳೆಯುವುದು, ತೊಡೆ ತಟ್ಟುವುದು, ಕಣ್ಣು ಮುಚ್ಚುವುದು ಇವೆಲ್ಲವೂ ಆ ಪಟ್ಟಿಗೆ ಸೇರಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ ಉಗ್ಗನ್ನು ನೀರಿನಲ್ಲಿ ತೇಲುವ ಹಿಮಬಂಡೆಗೆ ಹೋಲಿಸಿದ್ದು ಇದಕ್ಕಾಗಿಯೇ: ಕೇಳುವವರಿಗೆ ಕಾಣುವ ತಡವರಿಕೆ ಮೇಲಿನ ಚಿಕ್ಕ ಭಾಗ, ನಾಚಿಕೆ, ಭಯ, ಮುಚ್ಚಿಡುವ ಪ್ರಯತ್ನ ಕೆಳಗಿನ ದೊಡ್ಡ ಭಾಗ. ಭಾಷಣದ ಅಭ್ಯಾಸ ಕೆಲಸ ಮಾಡುವುದು ಮುಖ್ಯವಾಗಿ ಆ ಕೆಳಗಿನ ಭಾಗದ ಮೇಲೆ.

ತಡೆಯನ್ನು ಹಗುರಾಗಿಸುವ ಮೂರು ಹಂತ

ಈ ಭಾಗಕ್ಕೆ ಹೆಚ್ಚು ದಿನ ಕೊಡಿ. ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ ಸ್ವತಃ ಉಗ್ಗಿದ್ದವರು. ಅವರು ರೂಪಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ, ಮತ್ತು ಭಾಷಣಕ್ಕೆ ಅದು ಚೆನ್ನಾಗಿ ಒದಗುತ್ತದೆ.

‘ಪುಸ್ತಕ’ ಎಂಬ ಪದದ ಮೇಲೆ ನಿಮಗೆ ತಡೆ ಬರುತ್ತದೆಂದು ಇಟ್ಟುಕೊಳ್ಳಿ. ಕನ್ನಡಿಯಲ್ಲಿ ನೋಡಿಕೊಂಡರೆ, ತುಟಿಗಳೆರಡೂ ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಒತ್ತಿಕೊಂಡಿರುವುದು, ಎದೆಯಲ್ಲಿ ಉಸಿರು ನಿಂತಿರುವುದು, ಕತ್ತಿನ ನರ ಉಬ್ಬಿರುವುದು ಕಾಣುತ್ತದೆ. ಪಕಾರಕ್ಕೆ ಇಷ್ಟು ಬಲ ಬೇಕಿಲ್ಲ. ತುಟಿ ತುಟಿಗೆ ಸೋಕಿದರೆ ಸಾಕು. ಮೊದಲ ಹಂತದಲ್ಲಿ, ಉಗ್ಗಿಯೇ ಆ ಪದವನ್ನು ಹೇಳಿ ಮುಗಿಸಿ, ನಂತರ ನಿಲ್ಲಿಸಿ. ಎರಡು ಮೂರು ಸೆಕೆಂಡು ಸುಮ್ಮನಿದ್ದು, ಬಿಗಿತ ಎಲ್ಲಿತ್ತೆಂದು ಗಮನಿಸಿ, ಉಸಿರನ್ನು ಸಡಿಲ ಬಿಟ್ಟು, ಅದೇ ಪದವನ್ನು ತುಟಿ ಹಗುರವಾಗಿ ಸೋಕಿಸಿ ನಿಧಾನವಾಗಿ ಮತ್ತೆ ಹೇಳಿ, ಆಮೇಲೆ ಮುಂದಕ್ಕೆ ಹೋಗಿ. ಕೆಲವು ವಾರಗಳ ನಂತರ ಎರಡನೆಯ ಹಂತ: ಪದ ಮುಗಿಯುವವರೆಗೆ ಕಾಯದೆ, ತಡೆ ಬಂದಿರುವಾಗಲೇ, ಅದರ ನಡುವೆಯೇ ಬಿಗಿಯನ್ನು ಸಡಿಲಿಸುತ್ತ ಹೊರಬರುವುದು. ಮೂರನೆಯ ಹಂತದಲ್ಲಿ, ಕಷ್ಟದ ಪದ ಬರುತ್ತಿದೆ ಎಂದು ಮನಸ್ಸು ಎಚ್ಚರಿಸಿದ ಕೂಡಲೇ, ಆ ಪದಕ್ಕೆ ಬಾಯಿಯನ್ನು ಮೊದಲೇ ಹಗುರವಾಗಿ ಸಿದ್ಧಮಾಡಿಕೊಂಡು ಹೇಳುವುದು. ಹಂತಗಳನ್ನು ಈ ಕ್ರಮದಲ್ಲೇ ಕಲಿಯಬೇಕು. ಎಲ್ಲರಿಗೂ ಮೂರನೆಯದರ ಆಸೆ ಮೊದಲು. ಮೊದಲ ಹಂತವನ್ನು ಹಾರಿಸಿದವರ ಕೈಯಲ್ಲಿ ಆ ಮೂರನೆಯದು ಉಗ್ಗನ್ನು ಮುಚ್ಚಿಡುವ ಇನ್ನೊಂದು ಉಪಾಯವಾಗಿಬಿಡುತ್ತದೆ.

ಇದರ ಜೊತೆಗೆ ಬೇಕೆಂದೇ ಉಗ್ಗುವ ಅಭ್ಯಾಸವೂ ಉಂಟು. ಕೇಳಿದವರಿಗೆ ವಿಚಿತ್ರವೆನಿಸಬಹುದು, ಆದರೆ ಇದು ಚಿಕಿತ್ಸಕರು ಕಲಿಸುವ ವಿಧಾನವೇ. ನಿಮಗೆ ಸುಲಭವಾದ ಪದವೊಂದನ್ನು ಆರಿಸಿಕೊಂಡು, ಅದರ ಮೊದಲ ಅಕ್ಷರವನ್ನು ಬಿಗಿಯಿಲ್ಲದೆ, ಎದುರಿನವರ ಕಣ್ಣು ನೋಡುತ್ತ, ‘ನ-ನ-ನನ್ನ ಊರು’ ಎಂದು ಎರಡು ಮೂರು ಸಲ ಹೇಳಿ. ಯಾವುದು ನಡೆದುಬಿಡುತ್ತದೋ ಎಂದು ವರ್ಷಗಟ್ಟಲೆ ಹೆದರಿದ್ದಿರೋ ಅದನ್ನು ನೀವೇ ನಡೆಸಿ ನೋಡಿದಾಗ, ಕೇಳುವವರು ಅಷ್ಟೇನೂ ತಲೆಕೆಡಿಸಿಕೊಳ್ಳಲಿಲ್ಲ ಎಂಬುದು ನಿಮ್ಮ ಅರಿವಿಗೆ ಬರುತ್ತದೆ.

ಕನ್ನಡಿಯನ್ನು ಬಿಟ್ಟು ಕೇಳುಗರ ಕಡೆಗೆ

ಉಗ್ಗಿರುವವರಲ್ಲಿ ಹೆಚ್ಚಿನವರು ಒಬ್ಬರೇ ಇದ್ದಾಗ ಬಹುಮಟ್ಟಿಗೆ ಸರಾಗವಾಗಿ ಮಾತನಾಡುತ್ತಾರೆ. ಹಾಡುವಾಗ, ಗುಂಪಿನಲ್ಲಿ ದನಿಗೂಡಿಸಿ ಪ್ರಾರ್ಥನೆ ಹೇಳುವಾಗ, ರಾಗವಾಗಿ ಪದ್ಯ ಓದುವಾಗಲೂ ಹಾಗೆಯೇ. ಆದ್ದರಿಂದ ಕೋಣೆಯ ಬಾಗಿಲು ಹಾಕಿಕೊಂಡು ಇಪ್ಪತ್ತು ಸಲ ಭಾಷಣ ಒಪ್ಪಿಸಿದರೆ ವಿಷಯ ಬಾಯಿಗೆ ಬರುತ್ತದೆಯೇ ಹೊರತು ಉಗ್ಗಿನ ಮೇಲೆ ಅದರಿಂದ ಆಗುವ ಕೆಲಸ ಕಡಿಮೆ. ಅಭ್ಯಾಸಕ್ಕೆ ಕೇಳುವ ಮನುಷ್ಯ ಬೇಕು.

ಕೇಳುಗರನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿಕೊಳ್ಳಿ. ಮನೆಯಲ್ಲಿ ಅಜ್ಜಿಗೋ ತಂಗಿಗೋ ದಿನಪತ್ರಿಕೆಯ ಒಂದು ಸುದ್ದಿಯನ್ನು ಓದಿ ಹೇಳುವುದು ಆರಂಭವಾಗಲಿ. ಅದೇ ಸುದ್ದಿಯನ್ನು ನೋಡದೆ ನಿಮ್ಮ ಮಾತಿನಲ್ಲಿ ವಿವರಿಸುವುದು ನಂತರದ್ದು. ಆಮೇಲೆ ಇಬ್ಬರು ಮೂವರು ಸ್ನೇಹಿತರ ಮುಂದೆ ಎದ್ದು ನಿಂತು ಎರಡು ನಿಮಿಷ ಮಾತನಾಡಿ. ಎದ್ದು ನಿಲ್ಲುವುದನ್ನು ಬಿಡಬೇಡಿ, ಏಕೆಂದರೆ ಕುಳಿತು ಹರಟುವುದಕ್ಕೂ ನಿಂತು ಹೇಳುವುದಕ್ಕೂ ಮೈ ಬೇರೆಬೇರೆಯಾಗಿ ಸ್ಪಂದಿಸುತ್ತದೆ. ಅಲ್ಲಿಂದ ಕಚೇರಿಯ ಸಭೆಯಲ್ಲಿ ಒಂದು ಪ್ರಶ್ನೆ ಕೇಳುವುದು, ಬಡಾವಣೆಯ ರಾಜ್ಯೋತ್ಸವದಲ್ಲಿ ವಂದನಾರ್ಪಣೆ ಮಾಡುವುದು, ಐದು ನಿಮಿಷದ ಭಾಷಣ, ಕೊನೆಗೆ ಭಾಷಣದ ಬಳಿಕ ಸಭಿಕರ ಪ್ರಶ್ನೆಗಳಿಗೆ ಉತ್ತರಿಸುವುದು. ನಿಮಗೆ ಯಾವುದು ಹೆಚ್ಚು ಕಷ್ಟವೋ ಅದನ್ನು ಆಧರಿಸಿ ಈ ಕ್ರಮವನ್ನು ಬದಲಿಸಿಕೊಳ್ಳಬಹುದು. ಕೆಲವರಿಗೆ ನೂರು ಜನರ ಸಭೆಗಿಂತ ಫೋನಿನಲ್ಲಿ ಒಬ್ಬ ಅಪರಿಚಿತನೇ ಕಷ್ಟ. ಒಂದು ಮಟ್ಟದಲ್ಲಿ ಭಯ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ನಿಂತು ಮತ್ತೆ ಮತ್ತೆ ಮಾಡಿ. ಉಗ್ಗು ಇಳಿಯಿತೇ ಎಂದು ಕಾಯಬೇಡಿ, ಭಯ ಇಳಿಯಿತೇ ಎಂದು ನೋಡಿ.

ಭಾಷಣವನ್ನು ಸಿದ್ಧಪಡಿಸುವ ಬಗೆ

ಕಷ್ಟದ ಅಕ್ಷರಗಳಿಂದ ಶುರುವಾಗುವ ಪದಗಳನ್ನೆಲ್ಲ ತೆಗೆದುಹಾಕಿ ಭಾಷಣ ಬರೆಯಬೇಡಿ. ಪರಿಸರದ ಬಗ್ಗೆ ಮಾತನಾಡುವವರು ‘ಪರಿಸರ’ ಎಂಬ ಪದವನ್ನೇ ಬಿಟ್ಟು ‘ನಮ್ಮ ಸುತ್ತಮುತ್ತ ಇರುವುದು’ ಎಂದು ಹತ್ತು ಸಲ ಬಳಸಿ ಹೇಳಿದರೆ ಕೇಳುವವರಿಗೆ ವಿಷಯವೇ ಸಿಗುವುದಿಲ್ಲ, ನಿಮ್ಮ ಪಟ್ಟಿಗೆ ಇನ್ನೊಂದು ತಪ್ಪಿಸಿಕೊಳ್ಳುವಿಕೆ ಸೇರುತ್ತದೆ. ಅಕ್ಷರಶಃ ಬಾಯಿಪಾಠ ಮಾಡುವುದೂ ಬೇಡ. ಒಂದು ಪದದಲ್ಲಿ ತಡೆ ಬಂದು ಸರಣಿ ತಪ್ಪಿದರೆ ಉಳಿದದ್ದೆಲ್ಲ ಮರೆತುಹೋಗುತ್ತದೆ. ಐದಾರು ಮುಖ್ಯ ಅಂಶಗಳನ್ನು ಒಂದು ಕಾರ್ಡಿನಲ್ಲಿ ಬರೆದಿಟ್ಟುಕೊಂಡರೆ ಸಾಕು.

ವಾಕ್ಯವನ್ನು ತುಂಡು ಮಾಡುವುದನ್ನು ಕಲಿಯಿರಿ. ‘ನಮ್ಮ ಊರಿನ ಕೆರೆ / ಈ ಸಲದ ಮಳೆಗೆ / ಶ್ರಾವಣಕ್ಕೆ ಮುಂಚೆಯೇ / ಕೋಡಿ ಹರಿದಿದೆ’ ಎಂದು ಗೆರೆ ಹಾಕಿ, ಗೆರೆ ಇರುವಲ್ಲೆಲ್ಲ ನಿಂತು ಉಸಿರಾಡಿ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಉಸಿರು ಮುಗಿಯುತ್ತ ಬಂದಂತೆ ಕೊನೆಯ ಪದಕ್ಕೆ ಧಾವಿಸುವ ಚಾಳಿ ಅನೇಕರಿಗಿದೆ. ಕ್ರಿಯಾಪದದ ಮುಂಚೆ ಒಂದು ನಿಲುಗಡೆ ಇಟ್ಟುಕೊಂಡರೆ ಆ ಧಾವಂತ ತಗ್ಗುತ್ತದೆ. ಉಗ್ಗು ಇದ್ದ ಬ್ರಿಟನ್ನಿನ ದೊರೆ ಆರನೆಯ ಜಾರ್ಜ್, ಪಟ್ಟಕ್ಕೆ ಬರುವ ಮುನ್ನವೇ, 1926ರಲ್ಲಿ ವಾಕ್ ಚಿಕಿತ್ಸಕ ಲಯನೆಲ್ ಲೋಗ್ ಅವರ ಬಳಿ ಅಭ್ಯಾಸ ಶುರುಮಾಡಿದರು. ಎರಡನೆಯ ಮಹಾಯುದ್ಧ ಘೋಷಣೆಯಾದ 1939ರ ಸೆಪ್ಟೆಂಬರ್ 3ರಂದು ದೊರೆ ರೇಡಿಯೊದಲ್ಲಿ ಓದಬೇಕಿದ್ದ ಭಾಷಣದ ಪ್ರತಿಯಲ್ಲೂ ಲೋಗ್ ಎಲ್ಲೆಲ್ಲಿ ನಿಲ್ಲಬೇಕೆಂದು ಹೀಗೇ ಗೆರೆ ಎಳೆದಿದ್ದರು. ಹದಿಮೂರು ವರ್ಷ ಕಳೆದ ಮೇಲೂ ಗೆರೆಗಳು ಬೇಕಾಗಿದ್ದವು ಎಂಬುದನ್ನು ಗಮನಿಸಿ.

ನಮ್ಮ ಸಭೆಗಳಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಆರಂಭದ ಸಂಬೋಧನೆ. ಅಧ್ಯಕ್ಷರ, ಅತಿಥಿಗಳ ಹೆಸರುಗಳನ್ನು ಬದಲಿಸಲು ಬರುವುದಿಲ್ಲ, ಉಗ್ಗಿರುವವರು ಹೆಸರುಗಳ ಮೇಲೆಯೇ ಹೆಚ್ಚು ತಡವರಿಸುತ್ತಾರೆ, ತಮ್ಮ ಸ್ವಂತ ಹೆಸರಿನ ಮೇಲಂತೂ ಇನ್ನೂ ಹೆಚ್ಚು. ಆ ಪಟ್ಟಿಯನ್ನು ಹಿಂದಿನ ದಿನವೇ ಕೇಳಿ ಪಡೆದು ಒಬ್ಬರ ಮುಂದೆ ಐದು ಸಲ ಗಟ್ಟಿಯಾಗಿ ಓದಿ. ಒಂದೇ ಬರಹವನ್ನು ಬೆನ್ನುಬೆನ್ನಿಗೆ ಓದಿದಾಗ ಉಗ್ಗು ಕಡಿಮೆಯಾಗುತ್ತ ಬರುವುದು ಬಹಳ ಹಿಂದಿನಿಂದಲೂ ಗಮನಿಸಿರುವ ಸಂಗತಿ. ಅದು ತಾತ್ಕಾಲಿಕವಾದರೂ ಹೆಸರುಗಳ ಬಗೆಗಿನ ಹೆದರಿಕೆಯನ್ನು ಇಳಿಸುತ್ತದೆ. ಸಂಘಟಕರು ಐದು ನಿಮಿಷ ಕೊಟ್ಟಿದ್ದರೆ ಎಂಟು ನಿಮಿಷ ಕೇಳಿ, ಅಥವಾ ಮೂರೂವರೆ ನಿಮಿಷಕ್ಕೆ ಸಾಕಾಗುವಷ್ಟೇ ವಿಷಯ ಇಟ್ಟುಕೊಳ್ಳಿ. ಗಡಿಯಾರದ ಒತ್ತಡ ಉಗ್ಗನ್ನು ಹೆಚ್ಚಿಸುವಷ್ಟು ಬೇರಾವುದೂ ಹೆಚ್ಚಿಸಲಾರದೆಂದು ನನಗನಿಸುತ್ತದೆ.

ಮೊದಲ ಮಾತಿನಲ್ಲೇ ಹೇಳಿಬಿಡಿ

ಭಾಷಣದ ಆರಂಭದಲ್ಲೇ ಹೀಗೆ ಹೇಳಿ: ‘ಎಲ್ಲರಿಗೂ ನಮಸ್ಕಾರ. ನನಗೆ ಉಗ್ಗು ಇದೆ. ಕೆಲವು ಪದಗಳು ಬರಲು ಸ್ವಲ್ಪ ಹೊತ್ತಾಗುತ್ತದೆ. ಯಾವುದಾದರೂ ಮಾತು ಸರಿಯಾಗಿ ಕೇಳಿಸದಿದ್ದರೆ ಮತ್ತೆ ಕೇಳಿ, ಹೇಳುತ್ತೇನೆ.’ ಇಷ್ಟೇ ಸಾಕು. ‘ಕ್ಷಮಿಸಿ’ ಎಂಬ ಪದವನ್ನು ಸೇರಿಸಬೇಡಿ, ಏಕೆಂದರೆ ನೀವು ತಪ್ಪೇನೂ ಮಾಡಿಲ್ಲ. ಹೀಗೆ ಹೇಳಿದ ಮೇಲೆ ಮುಚ್ಚಿಡಬೇಕಾದದ್ದು ಏನೂ ಉಳಿಯುವುದಿಲ್ಲ, ಅಲ್ಲಿಯವರೆಗೆ ಮುಚ್ಚಿಡಲು ವ್ಯಯವಾಗುತ್ತಿದ್ದ ಶಕ್ತಿಯೆಲ್ಲ ವಿಷಯದ ಕಡೆಗೆ ಹರಿಯುತ್ತದೆ. ಕೇಳುವವರಿಗೂ ತಾವೇನು ಮಾಡಬೇಕೆಂದು ತಿಳಿಯುತ್ತದೆ. ಇಡೀ ಲೇಖನದಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳುವುದಾದರೆ ಇದನ್ನು ಆರಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಎಲ್ಲಿ ಅಭ್ಯಾಸ ಮಾಡುವುದು

ಉಗ್ಗಿರುವವರೇ ನಡೆಸುವ ಸ್ವಸಹಾಯ ಗುಂಪುಗಳು ಮೊದಲ ಆಯ್ಕೆಯಾಗಲಿ. ‘ಟೀಸಾ’ ಎಂದು ಕರೆಯಲಾಗುವ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ದೇಶದ ಹಲವು ನಗರಗಳಲ್ಲಿ ಇಂಥ ಗುಂಪುಗಳಿಗೆ ಬೆಂಬಲ ನೀಡುತ್ತದೆ, ಆನ್‌ಲೈನ್ ಸಭೆಗಳೂ ಇವೆ. ಅಭ್ಯಾಸದ ಸಭೆಯೊಂದರಲ್ಲಿ ಯುವಕನೊಬ್ಬ ತನ್ನ ಹೆಸರು ಹೇಳಲು ಎದ್ದು ನಿಂತದ್ದನ್ನು ಕಂಡಿದ್ದೇನೆ. ಹೆಸರಿನ ಮೊದಲ ಅಕ್ಷರದ ಮೇಲೆಯೇ ದೀರ್ಘವಾದ ತಡೆ ಬಂತು. ಯಾರೂ ಪದ ಎತ್ತಿಕೊಡಲಿಲ್ಲ, ಯಾರೂ ನೆಲ ನೋಡಲಿಲ್ಲ, ಎಲ್ಲರೂ ಅವನ ಮುಖವನ್ನೇ ನೋಡುತ್ತ ಕಾದರು. ಹೆಸರು ಹೊರಬಂದಿತು. ಅವನು ನಿಂತು, ಭುಜ ಸಡಿಲಿಸಿ, ಅದೇ ಹೆಸರನ್ನು ಇನ್ನೊಮ್ಮೆ ಮೆಲ್ಲಗೆ ಹೇಳಿ, ತನ್ನ ಊರಿನ ರೇಷ್ಮೆ ಗೂಡಿನ ಮಾರುಕಟ್ಟೆಯ ಬಗ್ಗೆ ಮಾತು ಮುಂದುವರಿಸಿದ. ಮೇಲೆ ಹೇಳಿದ ಮೊದಲ ಹಂತ ಎಂದರೆ ಇದೇ.

ಇಲ್ಲಿ ಧೈರ್ಯ ಬಂದ ಮೇಲೆ, ಉಗ್ಗಿಲ್ಲದವರ ನಡುವೆ ಮಾತನಾಡಲು, ಭಾಷಣ ಕಲಿಯಲೆಂದೇ ಸದಸ್ಯರು ಸೇರುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳು ಒಳ್ಳೆಯ ಜಾಗ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಸಂಸ್ಥೆಯ ಕ್ಲಬ್ಬುಗಳು ಬೆಂಗಳೂರಿನಂಥ ನಗರಗಳಲ್ಲಿ ಸಾಕಷ್ಟಿವೆ, ಅನೇಕ ಕಂಪನಿಗಳ ಒಳಗೂ ಇವೆ. ಅತಿಥಿಯಾಗಿ ಹೋಗಿ ಸುಮ್ಮನೆ ಕುಳಿತು ನೋಡಬಹುದು. ಸದಸ್ಯರಾದ ಮೇಲೆ ಮೊದಲು ಸಮಯಪಾಲಕರ ಕೆಲಸ ಕೇಳಿಕೊಳ್ಳಿ. ಹಸಿರು, ಹಳದಿ, ಕೆಂಪು ಸೂಚನೆಗಳ ಅರ್ಥವನ್ನು ವಿವರಿಸಿ ಕೊನೆಗೆ ವರದಿ ಹೇಳಿದರೆ ಆಯಿತು, ಮಾತು ಚಿಕ್ಕದು, ಮೊದಲೇ ಗೊತ್ತಿರುವಂಥದ್ದು. ಮೊದಲ ಸಿದ್ಧ ಭಾಷಣ ನಿಮ್ಮ ಪರಿಚಯದ್ದು, 4ರಿಂದ 6 ನಿಮಿಷ. ಸ್ಥಳದಲ್ಲೇ ವಿಷಯ ಕೊಟ್ಟು 1ರಿಂದ 2 ನಿಮಿಷ ಮಾತನಾಡಿಸುವ ಭಾಗವೂ ಇರುತ್ತದೆ. ಪದ ಬದಲಿಸಲು ಮುಂಚಿತವಾಗಿ ಯೋಚಿಸುವ ಅವಕಾಶವೇ ಇಲ್ಲದಿರುವುದರಿಂದ ಉಗ್ಗಿರುವವರಿಗೆ ಅದು ಬಹಳ ಬೆಲೆಯುಳ್ಳ ಅಭ್ಯಾಸ. ಆದರೆ ಒಂದು ಎಚ್ಚರಿಕೆ. ಆ ಸಭೆಗಳಲ್ಲಿ ‘ಆ’, ‘ಮ್’ ಎಂಬ ಅನಗತ್ಯ ದನಿಗಳನ್ನು ಎಣಿಸುವವರೊಬ್ಬರು ಇರುತ್ತಾರೆ. ಸಭೆಗೆ ಮುನ್ನವೇ ಅವರನ್ನು ಕಂಡು, ಉಗ್ಗಿನ ಪುನರಾವರ್ತನೆಗಳನ್ನು ಎಣಿಸಬೇಡಿ, ತಡೆಯನ್ನು ಮುಂದೂಡಲು ನಾನು ಬಳಸುವ ‘ಅದೇನೆಂದರೆ’ಗಳನ್ನು ಮಾತ್ರ ಎಣಿಸಿ ಎಂದು ಹೇಳಿಡಿ. ಮೌಲ್ಯಮಾಪನ ಮಾಡುವವರಿಗೂ, ವಿಷಯ, ಜೋಡಣೆ, ಕಣ್ಣಿನ ನೋಟ, ನಿಲುಗಡೆ ಇವುಗಳ ಬಗ್ಗೆ ಹೇಳಿ, ಎಷ್ಟು ಸಲ ಉಗ್ಗಿದೆನೆಂಬುದು ಬೇಡ ಎಂದು ತಿಳಿಸಿ.

ಸಾರ್ವಜನಿಕ ಸಭೆಗೆ ದಿನ ಹುಡುಕುತ್ತಿದ್ದರೆ, ಪ್ರತಿ ವರ್ಷ ಅಕ್ಟೋಬರ್ 22 ಅಂತರರಾಷ್ಟ್ರೀಯ ಉಗ್ಗು ಜಾಗೃತಿ ದಿನ. ನೀವು ಓದಿದ ಶಾಲೆಗೋ ಕೆಲಸ ಮಾಡುವ ಕಚೇರಿಗೋ ಕೇಳಿಕೊಂಡು, ಉಗ್ಗಿನ ಬಗ್ಗೆಯೇ ಹತ್ತು ನಿಮಿಷ ಮಾತನಾಡಿ. ಆ ವಿಷಯವನ್ನು ಆ ಸಭೆಯಲ್ಲಿ ನಿಮಗಿಂತ ಚೆನ್ನಾಗಿ ಬಲ್ಲವರು ಇರಲಾರರು.

ಮಕ್ಕಳ ವಿಷಯ

ತಂದೆತಾಯಿಯರು ಇದನ್ನು ಓದಿ ಉಗ್ಗುವ ಮಗುವನ್ನು ಒತ್ತಾಯದಿಂದ ವೇದಿಕೆಗೆ ತಳ್ಳಬಾರದು. ಚಿಕ್ಕ ಮಕ್ಕಳ ಚಿಕಿತ್ಸೆಯ ರೀತಿಯೇ ಬೇರೆ, ಅದನ್ನು ವಾಕ್ ಚಿಕಿತ್ಸಕರೇ ನಿರ್ಧರಿಸಲಿ. ಮನೆಯಲ್ಲಿ ಮಾಡಬೇಕಾದದ್ದು ಇಷ್ಟು: ‘ನಿಧಾನ ಹೇಳು ಮಗಾ, ಉಸಿರು ತಗೊ’ ಎಂದು ತಡೆಯುವುದನ್ನು ಬಿಟ್ಟು, ನೀವೇ ನಿಧಾನವಾಗಿ ಮಾತನಾಡಿ, ಮಗು ಏನು ಹೇಳಿತೋ ಅದಕ್ಕೆ ಉತ್ತರ ಕೊಡಿ. ಭಾಷಣ ಸ್ಪರ್ಧೆಗೆ ಸೇರುತ್ತೇನೆಂದು ಮಗುವೇ ಕೇಳಿದರೆ ಮಾತ್ರ ಬೇಡವೆನ್ನಬೇಡಿ, ಮತ್ತು ಶಿಕ್ಷಕರನ್ನು ಮುಂಚೆಯೇ ಕಂಡು ಗಂಟೆ ಬಾರಿಸಿ ನಿಲ್ಲಿಸದಂತೆ ಮಾತನಾಡಿ ಬನ್ನಿ.

ಪ್ರಗತಿಯನ್ನು ಅಳೆಯುವುದು, ಮತ್ತೆ ಮರಳಿದಾಗ ಮಾಡಬೇಕಾದದ್ದು

ಪ್ರತಿ ಭಾಷಣವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ, ಆದರೆ ಅದೇ ರಾತ್ರಿ ನೋಡಬೇಡಿ. ಒಂದು ದಿನ ಬಿಟ್ಟು ನೋಡಿದರೆ ಮನಸ್ಸು ಹದಕ್ಕೆ ಬಂದಿರುತ್ತದೆ. ನೋಟ್‌ಬುಕ್ಕಿನಲ್ಲಿ ಇವಕ್ಕೆ ಉತ್ತರ ಬರೆಯಿರಿ: ಹೇಳಬೇಕೆಂದಿದ್ದ ಪದವನ್ನು ಎಲ್ಲಿಯಾದರೂ ಬದಲಿಸಿದೆನೇ? ತಡೆ ಬಂದಾಗ ಕಣ್ಣು ಸಭೆಯ ಮೇಲಿತ್ತೇ, ಕಾಗದದ ಮೇಲಿತ್ತೇ? ತಡೆಯ ನಂತರ ನಿಂತು ಸಡಿಲಿಸಿದೆನೇ? ಭಾಷಣಕ್ಕೆ ಮುನ್ನ ಭಯ ಹತ್ತರಲ್ಲಿ ಎಷ್ಟಿತ್ತು, ಮುಗಿದ ಮೇಲೆ ಎಷ್ಟಿತ್ತು? ಉಗ್ಗಿನ ಎಣಿಕೆಯನ್ನೂ ಬೇಕಿದ್ದರೆ ಬರೆಯಿರಿ, ಆದರೆ ಕೊನೆಯ ಸಾಲಿನಲ್ಲಿ. ಪಟ್ಟಿಯಲ್ಲಿದ್ದ ತಪ್ಪಿಸಿಕೊಳ್ಳುವಿಕೆಗಳು ಒಂದೊಂದಾಗಿ ಅಳಿಯುತ್ತಿದ್ದರೆ, ಬಿಡದಿಗೆ ಬಿಡದಿಯ ಟಿಕೆಟ್ಟನ್ನೇ ಕೇಳಿದ್ದರೆ, ಅಭ್ಯಾಸ ಸರಿಯಾದ ದಾರಿಯಲ್ಲಿದೆ.

ಉಗ್ಗಿನ ಸ್ವಭಾವವೇ ಏರಿಳಿತದ್ದು. ಕೆಲವು ತಿಂಗಳು ಹಗುರವಾಗಿದ್ದು, ನಿದ್ದೆಗೆಟ್ಟಾಗ, ಹೊಸ ಕೆಲಸಕ್ಕೆ ಸೇರಿದಾಗ, ಅಥವಾ ಗೊತ್ತಾಗುವ ಯಾವ ಕಾರಣವೂ ಇಲ್ಲದೆ ಮತ್ತೆ ಜೋರಾಗುತ್ತದೆ. ಆಗ ಕಲಿತದ್ದೆಲ್ಲ ಹೋಯಿತೆಂದು ತಿಳಿಯಬೇಡಿ, ಒಪ್ಪಿಕೊಂಡ ಭಾಷಣವನ್ನು ರದ್ದು ಮಾಡಬೇಡಿ. ಒಂದೆರಡು ಮಟ್ಟ ಕೆಳಗಿಳಿದು, ಮನೆಯವರ ಮುಂದೆ ಪತ್ರಿಕೆ ಓದುವುದನ್ನೂ ತಡೆಯ ನಂತರ ನಿಲ್ಲುವ ಮೊದಲ ಹಂತವನ್ನೂ ಒಂದು ವಾರ ಮತ್ತೆ ಮಾಡಿ, ಬೇಕೆಂದೇ ಉಗ್ಗುವುದನ್ನು ದಿನಕ್ಕೆರಡು ಸಲ ಅಂಗಡಿಯಲ್ಲೋ ಬಸ್ಸಿನಲ್ಲೋ ಬಳಸಿ, ಆಮೇಲೆ ನಿಗದಿಯಾದ ದಿನ ವೇದಿಕೆಗೆ ಹೋಗಿ ಪರಿಚಯದ ಆ ನಾಲ್ಕು ವಾಕ್ಯಗಳಿಂದಲೇ ಆರಂಭಿಸಿ. ಎರಡು ಮೂರು ತಿಂಗಳಾದರೂ ಭಾರ ಇಳಿಯದಿದ್ದರೆ, ಅಥವಾ ಮಾತಿನ ಭಯದಿಂದ ಊಟ, ನಿದ್ದೆ, ಕೆಲಸ ಕೆಡುತ್ತಿದ್ದರೆ, ನೋಟ್‌ಬುಕ್ಕನ್ನೂ ಚಿತ್ರೀಕರಣಗಳನ್ನೂ ಜೊತೆಗೆ ತೆಗೆದುಕೊಂಡು ವಾಕ್ ಚಿಕಿತ್ಸಕರನ್ನು ಮತ್ತೊಮ್ಮೆ ಕಾಣಿ. ಅವುಗಳನ್ನು ನೋಡಿ ಅಭ್ಯಾಸವನ್ನು ಎಲ್ಲಿ ಬದಲಿಸಬೇಕೆಂದು ಅವರು ಬೇಗ ಗುರುತಿಸುತ್ತಾರೆ.